ಮೆಲುದನಿಯ ಹಾಡು, ದಣಿದ ದೇಹ

ಹಾಡು ಕೇಳಿದರೆ ಕಾಯಿಲೆ ವಾಸಿಯಾಗುತ್ತದೆಯೇ? ‘ಇಲ್ಲ’ ಎಂದರೆ ಸಂಗೀತಪ್ರಿಯರಿಗೆ ಬೇಸರವಾಗಬಹುದು, ‘ಹೌದು’ ಎಂದರೆ ಅದು ಸುಳ್ಳಾಗುತ್ತದೆ. ಸತ್ಯ ಇವೆರಡರ ನಡುವೆ ಇದೆ. ಹಾಡು ರೋಗವನ್ನು ಗುಣಪಡಿಸುವುದಿಲ್ಲ. ಆದರೆ ರೋಗದೊಡನೆ ಬದುಕುವವರಿಗೆ, ನಿದ್ದೆ ಬಾರದವರಿಗೆ, ದಿನವಿಡೀ ದುಡಿದು ದಣಿದವರಿಗೆ ಅದು ಒಳ್ಳೆಯ ಜೊತೆಗಾರ ಆಗಬಲ್ಲದು. ಹೇಗೆ, ಎಷ್ಟರಮಟ್ಟಿಗೆ, ಯಾವ ಎಚ್ಚರಿಕೆಯೊಂದಿಗೆ ಎಂಬುದನ್ನು ಈ ವಾರ ನೋಡೋಣ.

ನಿಮ್ಮ ಮನೆಯ ಮಗನೋ ಮಗಳೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅಬ್ಬರವಿಲ್ಲದ, ಪಿಸುಮಾತಿನಂತಹ ಇಂಗ್ಲಿಷ್ ಹಾಡುಗಳನ್ನು ಕೇಳುತ್ತಿರುವುದನ್ನು ನೀವು ಗಮನಿಸಿರಬಹುದು. ‘ಏನಿದು?’ ಎಂದು ಕೇಳಿದರೆ ‘ಇಂಡೀ ಪಾಪ್’ ಎಂಬ ಉತ್ತರ ಬರುತ್ತದೆ. ಇಂಡೀ ಎಂದರೆ ಇಂಡಿಯಾ ಅಲ್ಲ. ‘ಇಂಡಿಪೆಂಡೆಂಟ್’ ಎಂಬುದರ ಮೊಟಕು ರೂಪ ಅದು. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ಹೊರಬಂದ ಹಾಡುಗಳಿಗೆ ಬ್ರಿಟನ್ನಿನಲ್ಲಿ ಈ ಹೆಸರು ಬಿತ್ತು. ಅದರಲ್ಲಿ ಗದ್ದಲದ ಹಾಡುಗಳೂ ಇವೆ, ಮೆಲುದನಿಯ ಹಾಡುಗಳೂ ಇವೆ. ನಮ್ಮ ಮಾತು ಎರಡನೆಯ ಬಗೆಯನ್ನು ಕುರಿತದ್ದು. ಗಿಟಾರು, ಪಿಯಾನೊ, ಅಲ್ಲಲ್ಲಿ ಒಂದು ಪಿಟೀಲು, ಎದುರಿಗೆ ಕುಳಿತು ಮಾತಾಡಿದಂತಹ ಕಂಠ: ಇದು ಅದರ ಸ್ವಭಾವ. ಭಾವಗೀತೆಗಳನ್ನು ಕೇಳಿ ಬೆಳೆದ ಕಿವಿಗೆ ಇದು ತೀರ ಪರಕೀಯವೆನಿಸದು.

ಈ ಹಾಡುಗಳ ಚರಿತ್ರೆಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ವಿಶೇಷ ಸ್ಥಾನವಿದೆ. ಆ ನಗರದ ಸಂಗೀತದೊಂದಿಗೆ ಬೆಸೆದುಕೊಂಡ ಇಬ್ಬರು ಹಾಡುಗಾರರ ಕಥೆ ಆರೋಗ್ಯದ ಪಾಠವೂ ಆಗಿದೆ.

ಹಾಸಿಗೆಯಿಂದ ಹುಟ್ಟಿದ ಹಾಡು

ಸ್ಟೂವರ್ಟ್ ಮರ್ಡಾಕ್ ಗ್ಲಾಸ್ಗೋದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯ ಹೊತ್ತಿಗೆ ಕಾಯಿಲೆ ಬಿದ್ದರು. ಕಾಯಿಲೆಯ ಹೆಸರು ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್. ಇದನ್ನೇ ದೀರ್ಘಕಾಲದ ಆಯಾಸದ ಬೇನೆ ಅಥವಾ ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ಸುಮಾರು ಏಳು ವರ್ಷ ಅವರು ಕೆಲಸ ಮಾಡಲಾರದೆ ಉಳಿದರು. ಹಾಡು ಬರೆಯಲು ತೊಡಗಿದ್ದು ಆ ಕಾಲದಲ್ಲೇ.

ಸ್ವಲ್ಪ ಚೇತರಿಸಿಕೊಂಡ ಮೇಲೆ, 1996ರಲ್ಲಿ ಗೆಳೆಯರೊಂದಿಗೆ ‘ಬೆಲ್ ಅಂಡ್ ಸೆಬಾಸ್ಟಿಯನ್’ ಎಂಬ ತಂಡ ಕಟ್ಟಿದರು. ಅವರ ಮೊದಲ ಆಲ್ಬಂ ‘ಟೈಗರ್‌ಮಿಲ್ಕ್’ ಅದೇ ವರ್ಷ ಹೊರಬಂತು. ಅಲ್ಲಿನ ಸ್ಟೋ ಕಾಲೇಜಿನ ಸಂಗೀತ ವ್ಯವಹಾರ ತರಗತಿಯವರು ನಡೆಸುತ್ತಿದ್ದ ‘ಎಲೆಕ್ಟ್ರಿಕ್ ಹನಿ’ ಎಂಬ ಪುಟ್ಟ ಸಂಸ್ಥೆ ಅದನ್ನು ಪ್ರಕಟಿಸಿತು. ಧ್ವನಿಮುದ್ರಣಕ್ಕೆ ಹಿಡಿದದ್ದು ಮೂರು ದಿನ. ಅಚ್ಚಾದದ್ದು ಕೇವಲ 1000 ಪ್ರತಿ. ಅದೇ ವರ್ಷದ ಕೊನೆಗೆ ಬಂದ ಎರಡನೆಯ ಆಲ್ಬಂ ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ ಇಂದಿಗೂ ಈ ಬಗೆಯ ಸಂಗೀತದ ಮಾದರಿ ಕೃತಿಯೆನಿಸಿದೆ. 1999ರಲ್ಲಿ ತಂಡಕ್ಕೆ ಬ್ರಿಟನ್ನಿನ ‘ಬ್ರಿಟ್’ ಪ್ರಶಸ್ತಿ ಬಂತು. ತನ್ನ ಕಾಯಿಲೆಯ ಕಾಲವನ್ನು ಕುರಿತು ಮರ್ಡಾಕ್ 2015ರಲ್ಲಿ ‘ನೋಬಡೀಸ್ ಎಂಪೈರ್’ ಎಂಬ ಹಾಡನ್ನೂ, 2024ರಲ್ಲಿ ಅದೇ ಹೆಸರಿನ ಕಾದಂಬರಿಯನ್ನೂ ಹೊರತಂದರು. ಕಾಯಿಲೆ ತನ್ನನ್ನು ಪೂರ್ತಿ ಬಿಟ್ಟುಹೋಗಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಹಾಡು ಬರೆದದ್ದರಿಂದ ಅವರ ಕಾಯಿಲೆ ವಾಸಿಯಾಯಿತು ಎಂದಲ್ಲ. ಓಡಾಡಲು ಶಕ್ತಿಯಿಲ್ಲದ ದಿನಗಳಲ್ಲೂ ಇರುವ ಅಲ್ಪ ಶಕ್ತಿಯಿಂದ ಮಾಡಬಹುದಾದ ಒಂದು ಕೆಲಸ ಅವರಿಗೆ ಸಿಕ್ಕಿತು ಎಂಬುದಷ್ಟೇ ಇದರ ತಾತ್ಪರ್ಯ.

ಇದು ಸೋಮಾರಿತನವಲ್ಲ

ಈ ಬೇನೆಯನ್ನು ಮನೆಯವರು ಅರ್ಥಮಾಡಿಕೊಳ್ಳುವುದು ಬಹಳ ಮುಖ್ಯ. ಕೆಲಸ ಮಾಡಿ ದಣಿದವನು ರಾತ್ರಿ ಮಲಗಿ ಎದ್ದರೆ ಸರಿಹೋಗುತ್ತಾನೆ. ಈ ಬೇನೆಯವರಿಗೆ ಹಾಗಾಗುವುದಿಲ್ಲ. ಇದರ ಮುಖ್ಯ ಲಕ್ಷಣಗಳು ಇವು:

1. ಹಿಂದೆ ಸಲೀಸಾಗಿ ಮಾಡುತ್ತಿದ್ದ ಕೆಲಸಗಳನ್ನು ಆರು ತಿಂಗಳಿಗೂ ಮೀರಿ ಮಾಡಲಾಗದಿರುವುದು.

2. ಸಣ್ಣ ಶ್ರಮದ ನಂತರ, ಕೆಲವೊಮ್ಮೆ ಒಂದೆರಡು ದಿನ ತಡವಾಗಿ, ಎಲ್ಲ ತೊಂದರೆಗಳೂ ಉಲ್ಬಣಿಸುವುದು. ಈ ಶ್ರಮ ದೈಹಿಕವೇ ಆಗಬೇಕೆಂದಿಲ್ಲ. ಒಂದು ಗಂಟೆ ಓದಿದ್ದು, ನೆಂಟರೊಡನೆ ಮಾತಾಡಿದ್ದು ಕೂಡ ಸಾಕು.

3. ಎಷ್ಟು ಹೊತ್ತು ನಿದ್ದೆ ಮಾಡಿದರೂ ಹಗುರವೆನಿಸದಿರುವುದು.

4. ಮರೆವು, ಯೋಚನೆಯಲ್ಲಿ ಮಂಕು, ಅಥವಾ ಎದ್ದು ನಿಂತಾಗ ತಲೆ ಸುತ್ತುವುದು, ಎದೆ ಬಡಿತ ಹೆಚ್ಚುವುದು.

ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಆದ್ದರಿಂದಲೇ ‘ಎಲ್ಲ ನಾರ್ಮಲ್ ಇದೆ, ಇವಳಿಗೆ ಏನೂ ಇಲ್ಲ’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಕೋವಿಡ್ ಬಂದು ಹೋದ ನಂತರ ತಿಂಗಳುಗಟ್ಟಲೆ ನಿತ್ರಾಣರಾಗಿ ಉಳಿದ ಕೆಲವರಲ್ಲಿಯೂ ಇವೇ ಲಕ್ಷಣಗಳು ಕಂಡುಬಂದಿವೆ.

ಹಾಗೆಂದು ಸುಸ್ತಾದವರೆಲ್ಲ ಇದೇ ಕಾಯಿಲೆ ಎಂದು ತಾವೇ ತೀರ್ಮಾನಿಸಿಕೊಳ್ಳಬಾರದು. ನಮ್ಮಲ್ಲಿ ದೀರ್ಘ ಆಯಾಸಕ್ಕೆ ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಕೊರತೆ, ಸಕ್ಕರೆ ಕಾಯಿಲೆ, ಬಿ-12 ಜೀವಸತ್ವದ ಕೊರತೆ, ಕ್ಷಯ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವು ಕಾರಣವಾಗಿರುವುದುಂಟು. ಇವುಗಳಿಗೆ ಚಿಕಿತ್ಸೆ ಇದೆ. ಮೊದಲು ವೈದ್ಯರಿಂದ ಇವುಗಳ ತಪಾಸಣೆ ಆಗಲೇಬೇಕು.

ಆಯಾಸದ ಬೇನೆ ಎಂದು ತೀರ್ಮಾನವಾದರೆ ‘ಎದ್ದು ಓಡಾಡು, ಸರಿಹೋಗುತ್ತದೆ’ ಎಂದು ಒತ್ತಾಯಿಸುವುದು ಹಿತವಲ್ಲ. ದಿನದಿಂದ ದಿನಕ್ಕೆ ಲೆಕ್ಕ ಹಾಕಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಹಿಂದೆ ಸೂಚಿಸುತ್ತಿದ್ದರು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2021ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಈಗ ಹೇಳುವುದು ಶಕ್ತಿಯ ಮಿತವ್ಯಯ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯೇ ಇಲ್ಲಿನ ಚಿಕಿತ್ಸಾಸೂತ್ರ. ಇವತ್ತು ಸ್ವಲ್ಪ ಹುಷಾರಾಗಿದೆ ಎಂದು ನಾಲ್ಕು ದಿನದ ಕೆಲಸವನ್ನು ಒಂದೇ ದಿನ ಮಾಡಿದರೆ ಮುಂದಿನ ವಾರವಿಡೀ ಮಲಗಬೇಕಾಗುತ್ತದೆ.

ಇಂತಹವರಿಗೆ ಹಾಡು ಕೇಳುವುದು ಕೂಡ ಶ್ರಮವೇ ಎಂಬುದನ್ನು ಮನೆಯವರು ಮರೆಯಬಾರದು. ಹಲವರಿಗೆ ಶಬ್ದ, ಬೆಳಕು ಸಹಿಸಲಾಗುವುದಿಲ್ಲ. ರೋಗಿಗೆ ಬೇಸರವಾಗದಿರಲಿ ಎಂದು ದಿನವಿಡೀ ರೇಡಿಯೋ ಅಥವಾ ಟಿ.ವಿ. ಹಾಕಿಡುವುದು ಉಪಕಾರವಲ್ಲ, ಉಪದ್ರವ. ಒಂದು ಹಾಡು, ತಗ್ಗಿದ ದನಿಯಲ್ಲಿ, ಅವರು ಕೇಳಿದಾಗ ಮಾತ್ರ. ‘ಸಾಕು’ ಎಂದರೆ ತಕ್ಷಣ ನಿಲ್ಲಿಸಿರಿ.

ಮಾತು ಹೋದರೂ ಹಾಡು ಉಳಿಯಿತು

ಎರಡನೆಯವರು ಎಡ್ವಿನ್ ಕಾಲಿನ್ಸ್. ಗ್ಲಾಸ್ಗೋದ ‘ಆರೆಂಜ್ ಜ್ಯೂಸ್’ ತಂಡದ ಹಾಡುಗಾರ. ‘ಪೋಸ್ಟ್‌ಕಾರ್ಡ್’ ಎಂಬ ಪುಟ್ಟ ಸಂಸ್ಥೆ 1980ರಲ್ಲಿ ಈ ತಂಡದ ಮೊದಲ ಹಾಡನ್ನು ಹೊರತಂದಿತು. ಇಂದಿನ ಇಂಡೀ ಪಾಪ್‌ನ ಬೇರುಗಳಲ್ಲಿ ಅದೂ ಒಂದು. 1994ರ ‘ಎ ಗರ್ಲ್ ಲೈಕ್ ಯು’ ಹಾಡಿನಿಂದ ಕಾಲಿನ್ಸ್ ಹಲವು ದೇಶಗಳಲ್ಲಿ ಹೆಸರಾದರು.

2005ರ ಫೆಬ್ರವರಿಯಲ್ಲಿ, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಅವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಕೆಲವೇ ದಿನಗಳಲ್ಲಿ ಮತ್ತೊಮ್ಮೆ ಆಯಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ಆದರೆ ಬಲಭಾಗ ಸ್ವಾಧೀನ ತಪ್ಪಿತು, ಮಾತು ಹೋಯಿತು. ಮೊದಲ ದಿನಗಳಲ್ಲಿ ಅವರ ಬಾಯಿಂದ ಹೊರಡುತ್ತಿದ್ದದ್ದು ಹೌದು, ಇಲ್ಲ, ಹೆಂಡತಿಯ ಹೆಸರು ಮತ್ತು ಒಂದು ಪುಟ್ಟ ವಾಕ್ಯ, ಇಷ್ಟೇ. ಇದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ನಾಲಿಗೆಗೆ ಏನೂ ಆಗಿರುವುದಿಲ್ಲ. ಬುದ್ಧಿಯೂ ಮಂಕಾಗಿರಬೇಕೆಂದಿಲ್ಲ. ಮೆದುಳಿನ ಭಾಷೆಯ ಭಾಗಕ್ಕೆ ಏಟು ಬಿದ್ದಿರುವುದರಿಂದ ಬೇಕಾದ ಪದ ಸಿಗುವುದಿಲ್ಲ, ಅಷ್ಟೇ.

ಹೆಂಡತಿ ಗ್ರೇಸ್ ಮ್ಯಾಕ್ಸ್‌ವೆಲ್ ಅವರ ಆರೈಕೆ, ವಾಕ್‌ಚಿಕಿತ್ಸೆ ಮತ್ತು ದಿನನಿತ್ಯದ ಅಭ್ಯಾಸದಿಂದ ಕಾಲಿನ್ಸ್ ನಿಧಾನವಾಗಿ ಚೇತರಿಸಿಕೊಂಡರು. ಬಲಗೈ ಬಾರದ್ದರಿಂದ ಎಡಗೈಯಿಂದ ಹಕ್ಕಿಗಳ ಚಿತ್ರ ಬರೆಯುವುದನ್ನು ರೂಢಿಸಿಕೊಂಡರು. 2007ರಲ್ಲಿ ಮತ್ತೆ ವೇದಿಕೆ ಏರಿದರು. 2010ರಲ್ಲಿ ‘ಲೂಸಿಂಗ್ ಸ್ಲೀಪ್’ ಎಂಬ ಆಲ್ಬಂ ತಂದರು. 2025ರಲ್ಲೂ ಅವರ ಹೊಸ ಆಲ್ಬಂ ಬಂದಿದೆ.

ಮಾತು ಬಾರದವನು ಹಾಡುವುದು ಹೇಗೆ? ಬಹುತೇಕರಲ್ಲಿ ಭಾಷೆಯ ಮುಖ್ಯ ಕೇಂದ್ರಗಳು ಮೆದುಳಿನ ಎಡಭಾಗದಲ್ಲಿರುತ್ತವೆ. ರಾಗ ಮತ್ತು ಸ್ವರದ ಏರಿಳಿತದಲ್ಲಿ ಬಲಭಾಗಕ್ಕೂ ದೊಡ್ಡ ಪಾತ್ರವಿದೆ. ಆದ್ದರಿಂದ ಎಡಭಾಗಕ್ಕೆ ಏಟು ಬಿದ್ದ ಕೆಲವರು ಒಂದು ವಾಕ್ಯ ಆಡಲಾರದಿದ್ದರೂ ಹಳೆಯ ಹಾಡನ್ನೋ ದೇವರನಾಮವನ್ನೋ ಪದಸಹಿತ ಹಾಡಬಲ್ಲರು. ಇದನ್ನೇ ಆಧರಿಸಿ 1973ರಲ್ಲಿ ಅಮೆರಿಕದ ವೈದ್ಯರು ಒಂದು ವಾಕ್‌ಚಿಕಿತ್ಸೆಯನ್ನು ರೂಪಿಸಿದರು. ದಿನಬಳಕೆಯ ಮಾತನ್ನು ರಾಗವಾಗಿ, ಎಡಗೈಯಿಂದ ತಾಳ ಹಾಕುತ್ತ ಹೇಳಿಸಿ, ಕ್ರಮೇಣ ರಾಗವನ್ನು ಕಡಿಮೆ ಮಾಡುತ್ತ ಬರುವುದು ಅದರ ಕ್ರಮ. ಎಲ್ಲರಿಗೂ ಫಲ ಕೊಡುತ್ತದೆಂಬ ಭರವಸೆ ಇಲ್ಲ. ತರಬೇತಿ ಪಡೆದ ವಾಕ್‌ಚಿಕಿತ್ಸಕರ ನೆರವು ಬೇಕು.

ಪಾರ್ಶ್ವವಾಯುವಿನಲ್ಲಿ ಹಾಡಿಗಿಂತ ಮೊದಲು ಬೇಕಾದದ್ದು ಸಮಯಪ್ರಜ್ಞೆ. ಮುಖ ಒಂದು ಬದಿಗೆ ಸೊಟ್ಟಗಾದರೆ, ಒಂದು ಕೈ ಮೇಲೆತ್ತಲು ಬಾರದಿದ್ದರೆ, ಮಾತು ತೊದಲಿದರೆ, ದಿಢೀರನೆ ಸಮತೋಲ ತಪ್ಪಿದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಿರಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಆದದ್ದು ಹೆಪ್ಪೋ ರಕ್ತಸ್ರಾವವೋ ಎಂದು ಹೊರನೋಟಕ್ಕೆ ತಿಳಿಯದು. ಆದ್ದರಿಂದ ಮನೆಯಲ್ಲೇ ಆಸ್ಪಿರಿನ್ ಮಾತ್ರೆ ಕೊಡಬೇಡಿ, ನೀರೂ ಕುಡಿಸಬೇಡಿ. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟುಕೊಳ್ಳುವುದೇ ಇದಕ್ಕೆ ದೊಡ್ಡ ರಕ್ಷಣೆ.

ಮೆಲುಹಾಡಿನಿಂದ ದೇಹಕ್ಕೇನು ಲಾಭ?

ಇಟಲಿಯ ಪಾವಿಯಾದ ವೈದ್ಯರು 2006ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿ ಅವರ ಉಸಿರಾಟ, ನಾಡಿ, ರಕ್ತದೊತ್ತಡಗಳನ್ನು ಅಳೆದರು. ಅವುಗಳಲ್ಲಿ ಒಂದು ನಮ್ಮ ದೇಶದ ರಾಗಸಂಗೀತ. ಲಯ ವೇಗವಾದಂತೆ ಉಸಿರಾಟವೂ ನಾಡಿಯೂ ಏರಿದವು, ನಿಧಾನವಾದಂತೆ ಇಳಿದವು. ಕೇಳುಗನಿಗೆ ಆ ಬಗೆಯ ಸಂಗೀತ ಇಷ್ಟವೋ ಅಲ್ಲವೋ ಎಂಬುದಕ್ಕಿಂತ ಲಯದ ವೇಗವೇ ಹೆಚ್ಚು ಪರಿಣಾಮ ಬೀರಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಸಂಗೀತದ ನಡುವೆ ಎರಡು ನಿಮಿಷ ಮೌನ ಇಟ್ಟಾಗ ನಾಡಿ ಮತ್ತು ರಕ್ತದೊತ್ತಡ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದವು. ಹಾಡಿನಷ್ಟೇ ಹಾಡಿನ ನಂತರದ ಮೌನವೂ ಹಿತಕರ ಎಂದಾಯಿತು. ಆದರೆ ಇದು ಕ್ಷಣಿಕ ಬದಲಾವಣೆ. ಬಿ.ಪಿ. ಮಾತ್ರೆಗೆ ಬದಲಿ ಅಲ್ಲ.

ನಿದ್ದೆಯ ವಿಷಯದಲ್ಲಿ ಆಧಾರ ಇನ್ನಷ್ಟು ಗಟ್ಟಿಯಾಗಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2022ರಲ್ಲಿ 13 ಪ್ರಯೋಗಗಳನ್ನು ಪರಿಶೀಲಿಸಿತು. ದಿನಕ್ಕೆ 25ರಿಂದ 60 ನಿಮಿಷ ಸಂಗೀತ ಕೇಳಿದ ನಿದ್ರಾಹೀನರಲ್ಲಿ ನಿದ್ದೆಯ ಗುಣಮಟ್ಟ ಸುಧಾರಿಸುತ್ತದೆ ಎಂಬುದು ಅದರ ತೀರ್ಮಾನ. ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಉಪಾಯವಾದ್ದರಿಂದ ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ.

ಕೇಳುವುದು ಹೇಗೆ?

ಹೊಸ ಬಗೆಯ ಸಂಗೀತ ಮೊದಲ ಸಲಕ್ಕೆ ರುಚಿಸುವುದು ಅಪರೂಪ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿದಂತೆ, ಪರಿಚಯವಿಲ್ಲದ ವಸ್ತುವನ್ನು ಮತ್ತೆ ಮತ್ತೆ ಕಂಡಂತೆ ನಮಗೆ ಅದರ ಮೇಲೆ ಒಲವು ಬೆಳೆಯುತ್ತದೆ. ಆದ್ದರಿಂದ ಈ ಕ್ರಮವನ್ನು ಅನುಸರಿಸಿ ನೋಡಿ:

1. ಒಂದೇ ಒಂದು ಆಲ್ಬಂ ಆರಿಸಿಕೊಳ್ಳಿ. ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ ಆಗಬಹುದು. ಅಥವಾ ನಾರ್ವೆಯ ‘ಕಿಂಗ್ಸ್ ಆಫ್ ಕನ್ವೀನಿಯನ್ಸ್’ ಜೋಡಿ 2001ರಲ್ಲಿ ತಂದ ‘ಕ್ವಯಟ್ ಈಸ್ ದ ನ್ಯೂ ಲೌಡ್’ ಆಗಬಹುದು. ಮೆಲ್ಲನೆಯ ದನಿಯೇ ಹೊಸ ಅಬ್ಬರ ಎಂಬುದು ಅದರ ಹೆಸರಿನ ಅರ್ಥ.

2. ಊಟವಾಗಿ ಮನೆ ನಿಶ್ಶಬ್ದವಾದ ಹೊತ್ತು ಒಳ್ಳೆಯದು. ಮೊಬೈಲಿನ ಪರದೆಯನ್ನು ಕೆಳಮುಖವಾಗಿ ಇಡಿ.

3. ಮೊದಲ ಸಲ ಪದಗಳ ಗೊಡವೆ ಬೇಡ. ಯಾವ ವಾದ್ಯ ಎಲ್ಲಿ ಸೇರಿತು ಎಂದು ಗಮನಿಸಿ. ಎರಡನೆಯ ಸಲ ಹಾಡುವ ದನಿಯನ್ನು, ಮೂರನೆಯ ಸಲ ಪದಗಳನ್ನು. ಉಚ್ಚಾರಣೆ ತಿಳಿಯದಿದ್ದರೆ ಮಕ್ಕಳನ್ನು ಕೇಳಿ. ಅವರು ಖುಷಿಯಿಂದ ಹೇಳಿಕೊಡುತ್ತಾರೆ.

4. ಮುಗಿದ ಮೇಲೆ ತಕ್ಷಣ ಬೇರೇನನ್ನೂ ಹಾಕಬೇಡಿ. ಎರಡು ನಿಮಿಷ ಸುಮ್ಮನಿರಿ.

5. ಮೂರು ಸಲ ಕೇಳಿದ ಮೇಲೂ ರುಚಿಸದಿದ್ದರೆ ಬಿಟ್ಟುಬಿಡಿ. ನಿಮಗೆ ಹಿತವಾದ ಹಳೆಯ ಭಾವಗೀತೆಯೇ ನಿಮಗೆ ಸರಿಯಾದದ್ದು. ನಿಧಾನ ಲಯ, ತಗ್ಗಿದ ದನಿ ಇದ್ದರೆ ದೇಹಕ್ಕೆ ಭಾಷಾಭೇದವಿಲ್ಲ.

ಕಿವಿಯ ಬಗ್ಗೆ ಎಚ್ಚರ

ಮೆಲುಹಾಡಿನಿಂದ ಕಿವಿಗೆ ಅಪಾಯವೇನು ಎನ್ನಬೇಡಿ. ಬಸ್ಸಿನಲ್ಲಿ, ಸಂಚಾರದ ಗದ್ದಲದಲ್ಲಿ ಮೆಲುಹಾಡು ಕೇಳಿಸದು. ಆಗ ಕೈ ತಾನಾಗಿ ದನಿ ಏರಿಸುತ್ತದೆ. ಹಾಡು ಮೆದುವಾಗಿದ್ದರೂ ಕಿವಿಗೆ ಬೀಳುವ ಶಬ್ದ ಮೆದುವಾಗಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ ಇದು 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. 83 ಆದರೆ 20 ಗಂಟೆ, 86 ಆದರೆ 10 ಗಂಟೆ. 90ಕ್ಕೆ ಏರಿದರೆ ವಾರಕ್ಕೆ ನಾಲ್ಕೇ ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ದನಿಯನ್ನು ಗರಿಷ್ಠ ಮಟ್ಟದ ನೂರಕ್ಕೆ ಅರವತ್ತನ್ನು ಮೀರಿಸದಿರುವುದು ಸರಳ ನಿಯಮ. ಹಾಡು ಕೇಳಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ, ಎದುರಿಗಿದ್ದವರ ಮಾತು ಮಸುಕಾಗಿ ಕೇಳಿಸಿದರೆ ಕಿವಿಯ ವೈದ್ಯರನ್ನು ಕಾಣಿರಿ. ರಸ್ತೆ ದಾಟುವಾಗ, ರೈಲುಹಳಿಯ ಬಳಿ, ವಾಹನ ನಡೆಸುವಾಗ ಇಯರ್‌ಫೋನ್ ಬೇಡವೇ ಬೇಡ.

ತಂದೆತಾಯಿಗಳಿಗೆ ಒಂದು ಮಾತು

ಈ ಹಾಡುಗಳಲ್ಲಿ ವಿಷಾದದ ಛಾಯೆ ಹೆಚ್ಚು. ಮಕ್ಕಳು ಬೇಸರದ ಹಾಡು ಕೇಳಿದರೆ ಬೇಸರ ಅಂಟಿಕೊಳ್ಳುತ್ತದೆ ಎಂದು ಹೆದರಬೇಕಿಲ್ಲ. ತನ್ನ ಮನಸ್ಸಿನಲ್ಲಿರುವುದನ್ನೇ ಇನ್ನೊಬ್ಬರ ದನಿಯಲ್ಲಿ ಕೇಳಿದಾಗ ಎಷ್ಟೋ ಜನರಿಗೆ ಹಗುರವಾಗುತ್ತದೆ. ಆದರೆ ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಗೆಳೆಯರನ್ನು ದೂರ ಮಾಡಿದ್ದರೆ, ಇಷ್ಟದ ಆಟಪಾಠಗಳಲ್ಲಿ ಆಸಕ್ತಿ ಕಳೆದುಕೊಂಡಿದ್ದರೆ, ಬದುಕು ಬೇಡ ಎಂಬ ಮಾತು ಬಾಯಿಂದ ಬಂದರೆ, ಹಾಡನ್ನು ದೂರುತ್ತ ಕೂರದೆ ವೈದ್ಯರ ಬಳಿ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಕನ್ನಡದಲ್ಲಿಯೇ ಮಾತಾಡಬಹುದು.

ಇಯರ್‌ಫೋನ್ ಕಿತ್ತುಕೊಳ್ಳುವುದಕ್ಕಿಂತ ‘ನನಗೂ ಒಂದು ಹಾಡು ಕೇಳಿಸು’ ಎನ್ನುವುದು ಮೇಲು. ಮಕ್ಕಳು ಏನು ಕೇಳುತ್ತಿದ್ದಾರೆ ಎಂದು ತಿಳಿದರೆ ಅವರ ಮನಸ್ಸಿನಲ್ಲಿ ಏನಿದೆ ಎಂಬುದೂ ಸ್ವಲ್ಪ ತಿಳಿಯುತ್ತದೆ. ಹಾಗೆಯೇ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ‘ಸುಸ್ತು, ಸುಸ್ತು’ ಎನ್ನುತ್ತಿದ್ದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿ. ಮೊದಲು ಅವರ ಮಾತಿಗೆ ಕಿವಿಗೊಡಿ. ನಂತರ ವೈದ್ಯರ ಬಳಿ ಕರೆದೊಯ್ಯಿರಿ. ಹಾಡು ಆಮೇಲೆ ಜೊತೆಗಿರಲಿ.